ಗಾಡಿ ಕೇಳ್ತಿಲ್ಲ

ಮಾರಿಕಣಿವೆ
3 ನವೆಂಬರ್ 2024

ತಂಗಿ ಆಶಾರಾಣಿಗೆ ಅಣ್ಣ ಪ್ರಸನ್ನಕುಮಾರನ ಆಶೀರ್ವಾದ.

ಸಂಗತಿಗಳನ್ನು ಮೊದಲು ಕ್ರಮವಾಗಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

1. ಗಾಡಿ: 1.4 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಪೆಟ್ರೋಲ್. ನೀನು ಕೊಂಡು ಎರಡು ವರ್ಷ ನಾಲ್ಕು ತಿಂಗಳಾಯಿತು. ವಾರದ ಆರು ದಿನ ಅದು ಹೊಸದುರ್ಗದಲ್ಲಿ ನಿನ್ನ ಡ್ರೈವಿಂಗ್ ಸ್ಕೂಲಿನ ಹಿಂದೆ ಹೊದಿಕೆಯಡಿ ನಿಂತಿರುತ್ತದೆ. ಭಾನುವಾರ ಮತ್ತೋಡಿನ ಬಯಲಿನಲ್ಲಿ, ಗಡಿಯಾರ ಹಿಡಿದು ನಡೆಸುವ ಮಣ್ಣಿನ ಓಟಕ್ಕೆ ಹೋಗುತ್ತದೆ.

2. ಎಕ್ಸಾಸ್ಟ್: ಕಂಪನಿಯದೇ. ಟರ್ಬೊದಿಂದ ಹಿಂದಿನ ಬಂಪರ್‌ವರೆಗೆ ಏನನ್ನೂ ಬದಲಿಸಿಲ್ಲ.

3. ಬುಧವಾರ ತಲುಪಿದ ನಿನ್ನ ಕಾರ್ಡಿನಲ್ಲಿದ್ದದ್ದು ಇಷ್ಟೇ: "ಹಿಂದಿನ ಪೈಪು ಬದಲಾಯಿಸಬೇಕು, ಜೋರಾಗಿ ಸದ್ದು ಬರೋದು ಯಾವುದು ಹೇಳು. ಗಾಡಿ ಕೇಳ್ತಿಲ್ಲ."

4. ಆಗಸ್ಟ್‌ನಿಂದ ನೀನು ನನ್ನ ಫೋನ್ ಎತ್ತಿಲ್ಲ. ಹನ್ನೊಂದು ಸಲ ಮಾಡಿದ್ದೇನೆ. ಬರೆದು ಕಳಿಸು ಎಂದು ಮೆಸೇಜ್ ಬಂತು. ಆದ್ದರಿಂದ ಬರೆಯುತ್ತಿದ್ದೇನೆ.

ಮೂರನೆಯದರಿಂದ ನಾನು ತಿಳಿದುಕೊಂಡದ್ದು, ಗಾಡಿ ನಿನ್ನ ಮಾತು ಕೇಳುತ್ತಿಲ್ಲ ಎಂದು. ಅಂದರೆ ಆಕ್ಸಿಲರೇಟರ್ ಒತ್ತಿದ ತಕ್ಷಣ ಎಳೆಯುತ್ತಿಲ್ಲ. ಇದಕ್ಕೆ ಕಾರಣಗಳು ಹಲವು ಇರಬಹುದು. ಸದ್ದು ಕಡಿಮೆ ಇರುವುದು ಅವುಗಳಲ್ಲಿ ಒಂದಲ್ಲ. ಪೈಪು ಜೋರಾಗಿ ಕೂಗಿದ ಮಾತ್ರಕ್ಕೆ ಎಂಜಿನ್ ಜೋರಾಗಿ ಎಳೆಯುವುದಿಲ್ಲ. ನಿನಗಿದು ಗೊತ್ತಿದೆ. ಆದರೂ ಬರೆದಿದ್ದೇನೆ.

ಆದ್ದರಿಂದ ಕ್ಲಚ್ ಪ್ಲೇಟಿನ ವಯಸ್ಸು, ಟರ್ಬೊದ ಒತ್ತಡ, ಪ್ಲಗ್‌ಗಳ ಬಣ್ಣ, ಹೊಗೆಯ ಬಣ್ಣ, ಈ ನಾಲ್ಕನ್ನು ನೋಡಿಸಿ ಬರೆ. ಪೈಪಿನ ವಿಚಾರ ಆಮೇಲೆ.

ಇಲ್ಲಿ ಜಲಾಶಯಕ್ಕೆ ನೀರು ಬರುತ್ತಲೇ ಇದೆ. ನಮ್ಮ ವಿಭಾಗದವರು ಗೇಟುಗಳ ಸ್ಕ್ರೂಗಳಿಗೆ ಗ್ರೀಸು ತುಂಬಿಸುತ್ತಿದ್ದೇವೆ. ನನ್ನ ಆರೋಗ್ಯ ಸರಿಯಾಗಿದೆ. ನಿನ್ನದನ್ನು ಬರೆ.

ನಿನ್ನ ಅಣ್ಣ,
ಪ್ರಸನ್ನಕುಮಾರ್


ಹೊಸದುರ್ಗ
12 ನವೆಂಬರ್ 2024

ಅಣ್ಣ,

ನಿನ್ನ ಕಾಗದ ಟೆಂಡರ್ ನೋಟೀಸ್ ಇದ್ದಂಗೈತೆ. ಪಕ್ಕದ ಗ್ಯಾರೇಜಿನ ಹನುಮೇಶನಿಗೆ ತೋರಿಸ್ದೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕ, ಆಫೀಸ್ ಸೀಲ್ ಎಲ್ಲೈತೆ ಇದಕ್ಕೆ?" ಅಂದ.

ನೀನು ಹೇಳಿದ್ದೆಲ್ಲಾ ಅವನೇ ನೋಡ್ದ. ಕ್ಲಚ್ ಪ್ಲೇಟು ಜೂನಲ್ಲಿ ಹಾಕ್ಸಿದ್ದು, ಹೊಸಾದು. ಟರ್ಬೊ ಒತ್ತಡ ಸರಿ ಐತೆ. ಪ್ಲಗ್ಗು ಕಾಫಿಪುಡಿ ಬಣ್ಣ. ಹೊಗೆ ಇಲ್ಲವೇ ಇಲ್ಲ. ಗಾಡಿಗೆ ಏನೂ ರೋಗ ಇಲ್ಲ ಅಣ್ಣ.

ನನಗೆ ಬೇಕಾಗಿರೋದು ಸದ್ದು ಮಾತ್ರ. ನಲವತ್ತಾರಕ್ಕೆ ಶೋಕಿ ಬಂದೈತೆ ಅಂತ ಬರ್ಕೋ, ಅದಕ್ಕೂ ಒಂದು ನಂಬರ್ ಹಾಕು.

ನಮ್ಮ ಸ್ಕೂಲಿಗೆ ಚಂದ್ರಕ್ಕ ಅಂತ ಒಬ್ಬರು ಸೇರ್ಕಂಡಿದಾರೆ. ಅಂಗನವಾಡಿಲಿ ಇದ್ದು ರಿಟೈರ್ ಆದೋರು, ಅರವತ್ತೊಂದು ವರ್ಷ. ಮಗಳ ಮನೆಗೆ ಯಾರನ್ನೂ ಕಾಯದಂಗೆ ನಾನೇ ಹೋಗ್ಬೇಕು ಅಂತ ಹಟ. ನಾನು ಮೊದಲನೇ ದಿನ ಎಲ್ಲಾರಿಗೂ ಹೇಳಿಕೊಡೋದು ಒಂದೇ ಮಾತು, ನಿನಗೆ ಗೊತ್ತಲ್ಲ: ಗಾಡಿ ಗೇರ್ ಕೇಳ್ತೈತೆ, ಕೇಳಿದಾಗ ಕೊಡ್ರಿ. ಮೊನ್ನೆ ಹೊಳಲ್ಕೆರೆ ರೋಡಲ್ಲಿ ಏರು ಹತ್ತಿಸ್ತಿದ್ರು, ಮೂರನೇ ಗೇರಲ್ಲೇ. ನಾನು ಆಚೆ ತೆಂಗಿನ ತೋಟ ನೋಡ್ತಾ ಕುಂತಿದೀನಿ. ಆಯಮ್ಮ ಅಂತಾರೆ, "ಏನ್ ಮೇಡಂ, ಅವಾಗಿಂದ ಕೇಳ್ತಾನೇ ಐತೆ, ಕೊಡ್ರಿ ಅನ್ನಲೇ ಇಲ್ವಲ್ಲ, ಗಾಡಿ ಜೊತೆ ಜಗಳ ಆಡಿದೀರಾ?" ಅಂತ.

ನಕ್ಕೆ.

ಬೇಗ ಪೈಪು ಹೇಳು. ಫೋನ್ ಮಾಡಬ್ಯಾಡ, ನೀನು ಬರೆದ್ರೇನೇ ಚೆಂದ.

ಆಶಾ


ಮಾರಿಕಣಿವೆ
1 ಡಿಸೆಂಬರ್ 2024

ಆಶಾಳಿಗೆ,

ಎರಡು ಶನಿವಾರ ಚಿತ್ರದುರ್ಗಕ್ಕೆ ಹೋಗಿ ಬಂದೆ. ಅಲ್ಲಿ ಮೂಡಲಗಿರಿಯಪ್ಪ ಎಂಬವರು ಸ್ಟೇನ್‌ಲೆಸ್ ಪೈಪು ಬಗ್ಗಿಸಿ ಎಕ್ಸಾಸ್ಟ್ ತಯಾರಿಸುತ್ತಾರೆ. ಬಗ್ಗಿಸಿದ ಜಾಗದಲ್ಲಿ ಪೈಪು ಚಪ್ಪಟೆಯಾಗಿದೆಯೇ ಎಂದು ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನೋಡಿದೆ, ಎಲ್ಲಿಯೂ ಆಗಿರಲಿಲ್ಲ. ಅವರು ತುಸು ನೊಂದುಕೊಂಡರು. "ಸಾರ್, ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ಲ" ಎಂದರು.

ನಿನ್ನದೇ ಬಗೆಯ ಒಂದು ಗಾಡಿ ಅವರಲ್ಲಿಗೆ ಬಂದಿತ್ತು. ಒಡೆಯರ ಒಪ್ಪಿಗೆ ಪಡೆದು ಮೂರು ಬಗೆಯ ಪೈಪುಗಳನ್ನು ಅದಕ್ಕೆ ಹಾಕಿಸಿ, ಪಂಪ್‌ಹೌಸಿನ ಸದ್ದು ಅಳೆಯುವ ಮೀಟರಿನಿಂದ ಅಳೆದೆ.

ಮೂರಂಗುಲದ ಪೈಪು, ಸದ್ದು ತಗ್ಗಿಸುವ ಮಫ್ಲರ್ ಇಲ್ಲದ್ದು: ಓದಿದ ಅಂಕೆಯನ್ನು ಬರೆಯುವುದಿಲ್ಲ. ಇದು ಬೇಡ.

ಎರಡೂವರೆ ಅಂಗುಲ, ನೇರ ಮಫ್ಲರ್: 101 ಡೆಸಿಬೆಲ್. ಮತ್ತೋಡಿನ ಓಟದವರ ಮಿತಿಯ ಅಂಚಿನಲ್ಲಿದೆ. ಅಲ್ಲದೆ ಎರಡೂವರೆ ಸಾವಿರದಿಂದ ಮೂರೂವರೆ ಸಾವಿರ ಸುತ್ತಿನವರೆಗೆ ಗಾಡಿಯ ತಳವೆಲ್ಲ ಗುಂಯ್‌ಗುಡುತ್ತದೆ. ಸೀಟು ನಡುಗುತ್ತದೆ. ಅರ್ಧ ಗಂಟೆ ಕುಳಿತರೆ ತಲೆನೋವು ಖಚಿತ.

ಎರಡೂಕಾಲು ಅಂಗುಲ, ಕೋಣೆಗಳಿರುವ ಮಫ್ಲರ್, ಪೈಪಿನ ನಡುವೆ ರೆಸೊನೇಟರ್: 93 ಡೆಸಿಬೆಲ್. ರೆಸೊನೇಟರ್ ಎಂದರೆ ಹನುಮೇಶ್ ಡಬ್ಬಿ ಎನ್ನುವುದು. ಆ ಗುಂಯ್‌ಗುಟ್ಟುವಿಕೆಯನ್ನು ನುಂಗುವುದೇ ಅದರ ಕೆಲಸ. ಎಂಜಿನ್ನಿನ ಉಸಿರು ಕಂಪನಿ ಪೈಪಿಗಿಂತ ಹಗುರ, ಒಳಗೆ ಕುಳಿತವರಿಗೆ ನೆಮ್ಮದಿ.

ನೀನು ಎರಡನೆಯದನ್ನು ಬಯಸುತ್ತೀಯೆ ಎಂದು ಬಲ್ಲೆ. ನಾನು ಮೂರನೆಯದನ್ನು ಮಾಡಿಸಿ ಕಳಿಸುತ್ತಿದ್ದೇನೆ. ಹೊಗೆ ಶುದ್ಧಿ ಮಾಡುವ ಕನ್ವರ್ಟರನ್ನು ಮುಟ್ಟಕೂಡದೆಂದು ಹನುಮೇಶನಿಗೆ ತಿಳಿಸು.

ಇನ್ನೊಂದು ವಿಷಯ. ಗಾಡಿ ಕೊಂಡ ದಿನ, ಈ ವಯಸ್ಸಿನಲ್ಲಿ ಇದೇಕೆ ಎಂದು ನಾನು ಜನರೆದುರು ಕೇಳಿದೆ. ಫೋನ್ ಎತ್ತದಿರುವುದು ಅದಕ್ಕಾಗಿಯಾದರೆ, ನಾನು ಆಡಿದ್ದು ತಪ್ಪು. ಇದನ್ನು ಮೊದಲೇ ಬರೆಯಬೇಕಿತ್ತು.

ನಿನ್ನ ಅಣ್ಣ


ಹೊಸದುರ್ಗ
20 ಡಿಸೆಂಬರ್ 2024

ಅಣ್ಣ,

ಪೈಪು ಬಂತು. ಹನುಮೇಶ ಹಾಕ್ದ. ವೆಲ್ಡಿಂಗ್ ನೋಡಿ, ಇಂಥ ಕೆಲಸ ನಾನು ಕಂಡಿಲ್ಲ ಅಂದ. ಒಳಗೆ ಕುಂತ್ಕಂಡ್ರೆ ಸದ್ದೇ ಇಲ್ಲ, ನಡುಗೋದೂ ಇಲ್ಲ, ಬಾಳ ಚೆನ್ನಾಗೈತೆ ಅಂತ ಅವನೇ ಹೇಳ್ದ.

ನಿನ್ನ ಮೇಲೆ ನನಗೆ ಕೋಪ ಇಲ್ಲ. ನೀನು ಅಂದಿದ್ದು ಅವತ್ತೇ ಮರೆತೆ. ಹಂಗೆಲ್ಲ ಅನ್ಕಬ್ಯಾಡ.

ಗಾಡಿ ಕೊಟ್ಟುಬಿಡಾಣ ಅನ್ಕಂಡಿದೀನಿ. ಹೊಳಲ್ಕೆರೆ ಓಬಣ್ಣ ಬಂದು ನೋಡ್ಕಂಡು ಹೋದ. ಶಿವರಾತ್ರಿ ಆದ ಮೇಲೆ ತಗಂಡು ಹೋಗ್ತಾನಂತೆ. ನೀನು ಇಷ್ಟು ಕಷ್ಟಪಟ್ಟು ಪೈಪು ಮಾಡ್ಸಿದ್ದು ಅವನ ಪಾಲಾಯ್ತಲ್ಲ ಅಂತ ಒಂದು ಬೇಜಾರು, ಅಷ್ಟೇ.

ಚಂದ್ರಕ್ಕ ಈಗ ನಾಲ್ಕನೇ ಗೇರಿಗೆ ಬಂದಿದಾರೆ.

ಆಶಾ


ಮಾರಿಕಣಿವೆ
2 ಫೆಬ್ರವರಿ 2025

ಆಶಾಳಿಗೆ,

ಆರು ವಾರ ಬರೆಯಲಿಲ್ಲ. ಜಲಾಶಯ ಕೋಡಿ ಬಿದ್ದು, ನೋಡಲು ಬಂದವರ ಗಾಡಿಗಳನ್ನು ಸರಿಸುವುದೇ ಕೆಲಸವಾಗಿತ್ತು ಎಂದು ಬರೆಯಬಹುದು. ಅದು ನಿಜವೂ ಹೌದು. ಆದರೆ ಕಾರಣ ಅದಲ್ಲ. ಗಾಡಿ ಮಾರುತ್ತೇನೆ ಎಂದು ಓದಿ ನನಗೆ ಬೇಸರವಾಗಿತ್ತು. ನಾನು ಆರಿಸಿದ್ದು ನಿನಗೆ ಹಿಡಿಸಲಿಲ್ಲ, ಆದ್ದರಿಂದ ಗಾಡಿಯನ್ನೇ ಬಿಡುತ್ತಿದ್ದೀಯೆ ಎಂದುಕೊಂಡೆ.

ಕಳೆದ ಗುರುವಾರ ಹೊಸದುರ್ಗಕ್ಕೆ ಬಂದಿದ್ದೆ. ನಿನಗೆ ಹೇಳಿರಲಿಲ್ಲ. ಬಸ್ಸಿಳಿದು ನಡೆದು ಬಂದಾಗ ನೀನು ಸ್ಕೂಲಿನ ಗಾಡಿಯಲ್ಲಿ ಎಡಗಡೆ ಕುಳಿತಿದ್ದೆ, ಬಾಗಿಲ ಗಾಜು ಇಳಿಸಿತ್ತು. ಸ್ಟಿಯರಿಂಗ್ ಹಿಡಿದಿದ್ದವರು ಚಂದ್ರಕ್ಕ ಇರಬೇಕು. ಗಾಡಿ ನಿಂತಿತ್ತು. ನಾನು ಹಿಂದಿನಿಂದ, ನಿನ್ನ ಎಡಗಡೆಯಿಂದ, ಆಶಾ ಎಂದು ಕರೆದೆ. ಆರೇಳು ಮೀಟರ್ ದೂರ. ನೀನು ತಿರುಗಲಿಲ್ಲ. ಎರಡನೆಯ ಸಲ ಕರೆದೆ. ಚಂದ್ರಕ್ಕ ತಿರುಗಿ ನೋಡಿದರು, ನೀನು ತಿರುಗಲಿಲ್ಲ. ಮೂರನೆಯ ಸಲ ರಸ್ತೆಯಾಚೆಯ ಎಳನೀರಿನವನೂ ನೋಡಿದ.

ಆಮೇಲೆ ಗಾಡಿ ಹೊರಟಿತು. ನಿನ್ನ ಕೈ ಗೇರಿನ ಹಿಡಿಯ ಮೇಲಿತ್ತು. ಕಲಿಸುವವರು ಅಲ್ಲಿ ಕೈಯಿಡುವುದು ಕಲಿಯುವವರನ್ನು ತಡೆಯಲು ಎಂದು ನಾನು ತಿಳಿದಿದ್ದೆ. ನೀನು ತಡೆಯುತ್ತಿರಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿಕೊಂಡಿದ್ದೆ.

ನಾನು ಮರಳಿ ಬಸ್ಸು ಹತ್ತಿದೆ. ಹೊರಟ ಗಾಡಿ ಮರಳುವವರೆಗೆ ಕಾಯಬೇಕಿತ್ತು, ಆಗಲಿಲ್ಲ. ಮನೆಗೆ ಬಂದು ನಿನ್ನ ಕಾರ್ಡನ್ನು ತೆಗೆದು ಓದಿದೆ. 'ಗಾಡಿ ಕೇಳ್ತಿಲ್ಲ.' ನವೆಂಬರ್‌ನಲ್ಲಿ ನಾನು ಅದಕ್ಕೊಂದು ಅರ್ಥ ಕೊಟ್ಟು, ಅದರ ಮೇಲೆ ನಾಲ್ಕು ಪ್ರಶ್ನೆಗಳನ್ನೂ ಮೂರು ಪೈಪುಗಳನ್ನೂ ಕಟ್ಟಿದೆ. ಗಾಡಿ ಯಾರಿಗೆ ಕೇಳುತ್ತಿಲ್ಲ ಎಂದು ನಾನು ಕೇಳಲಿಲ್ಲ.

ಈ ಸಲ ಅಳತೆ ಬೇಡ. ಎಷ್ಟು ದಿನದಿಂದ, ಆಶಾ?

ಅಣ್ಣ


ಹೊಸದುರ್ಗ
6 ಫೆಬ್ರವರಿ 2025

ಅಣ್ಣ,

ಯಾರೋ ಕರೀತಿದ್ರು, ಹೊಳೆನೀರಿನಂಗೆ ತಣ್ಣಗಿದ್ರು ನೋಡೋಕೆ, ಅಂತ ಚಂದ್ರಕ್ಕ ಅಂದ್ರು. ನೀನೇ ಅಂತ ನನಗೆ ಹೊಳೀಲಿಲ್ಲ. ಒಂದು ಎಳನೀರಾದ್ರೂ ಕುಡ್ಕಂಡು ಹೋಗಬಾರದಿತ್ತಾ?

ಎರಡು ವರ್ಷ ಆಯ್ತು. ಎಡಗಿವಿ ಪೂರ್ತಿ ಹೋಗೈತೆ. ಬಲಗಿವಿ ಅರ್ಧಕ್ಕಿಂತ ಕಮ್ಮಿ. ದುರ್ಗದ ಡಾಕ್ಟ್ರು ನರ ಸೋತೈತೆ, ವಾಪಸ್ ಬರಲ್ಲ ಅಂದ್ರು. ಕಿವಿಗೆ ಹಾಕ್ಕಳೋ ಮಿಷಿನ್ ಕೊಟ್ಟವ್ರೆ. ಮನೇಲಿ ಹಾಕ್ಕಂಡ್ರೆ ಎದುರಿಗಿರೋರ ಮಾತು ಕೇಳ್ತೈತೆ. ಫೋನ್ ಹಿಡಿದ್ರೆ ಕೀಂಯ್ ಅಂತೈತೆ. ಹೆಲ್ಮೆಟ್ ಒಳಗೆ ಕೂರಲ್ಲ. ಗಾಡಿಯೊಳಗೆ ಗಾಳಿ, ಟೈರು, ಎಂಜಿನ್ನು ಎಲ್ಲಾ ಕಲಸಿದ ಮುದ್ದೆ.

ಸ್ಕೂಲ್ ನಡೀತೈತೆ. ಕಲಿಯೋರು ನನ್ನ ಬಲಕ್ಕೆ ಕುಂತ್ಕಳ್ತಾರಲ್ಲ, ಆ ಕಿವಿ ಇನ್ನೂ ಸ್ವಲ್ಪ ಐತೆ. ಬಂದೋರಿಗೆಲ್ಲ ಹೇಳಿಬಿಟ್ಟಿದೀನಿ, ಜೋರಾಗಿ ಮಾತಾಡ್ರಿ ಅಂತ. ಹೇಳದೆ ಇದ್ದಿದ್ದು ನಿನಗೊಬ್ಬನಿಗೇ. ಸ್ಕೂಲಿನ ಗಾಡಿ ಹಳೇದು, ಎಲುಬೆಲ್ಲ ಸಡ್ಲ, ಗೇರ್ ಮೇಲೆ ಕೈಯಿಟ್ರೆ ಗೇರ್ ಕೇಳ್ತಿರೋದು ಕೈಗೆ ಗೊತ್ತಾಗ್ತೈತೆ.

ನನ್ನ ಗಾಡಿ ಒಳ್ಳೇ ಗಾಡಿ, ನಡುಗಲ್ಲ. ಮತ್ತೋಡಿನ ಬಯಲಲ್ಲಿ ಮೀಟರ್ ನೋಡೋಕೆ ಕಣ್ಣಿಗೆ ಪುರುಸೊತ್ತಿಲ್ಲ, ಮಣ್ಣು ಎಲ್ಲಿ ಜಾರ್ತೈತೆ ಅಂತ ನೋಡೋದೇ ಸಾಕು. ಗೇರು ಯಾವಾಗ ಅಂತ ಕಿವೀನೇ ಹೇಳ್ತಿತ್ತು. ಈಗ ಯಾರೂ ಹೇಳಲ್ಲ. ಸದ್ದು ಜೋರಾದ್ರೆ ಒಂದು ಚೂರಾದ್ರೂ ಕೇಳ್ತೈತೇನೋ ಅಂತ ನಿನಗೆ ಬರೆದೆ. ನೀನು ಕಳಿಸಿದ ಪೈಪು ಹಾಕಿದ ಮೇಲೆ, ಇದ್ದಿದ್ದೂ ಹೋಯ್ತು. ಎಂಜಿನ್ ಆನ್ ಆಗೈತಾ ಅಂತ ಬಾನೆಟ್ ಮುಟ್ಟಿ ನೋಡ್ದೆ ಅವತ್ತು. ನಿನ್ನ ತಪ್ಪಲ್ಲ. ನೀನು ನನಗೆ ತಲೆನೋವು ಬರಬಾರ್ದು ಅಂತ ಮಾಡ್ದೆ.

ನಿನಗೆ ಯಾಕೆ ಹೇಳಲಿಲ್ಲ ಅಂದ್ರೆ, ನೀನು ಬ್ಯಾಡ ಅಂತೀಯ. ನೀನು ಸುಮ್ಮನೆ ಏನೂ ಅನ್ನೋನಲ್ಲ, ಲೆಕ್ಕ ಹಾಕಿ ಬ್ಯಾಡ ಅಂತೀಯ. ಹಂಗಂದ್ರೆ ನಾನು ಕೇಳ್ಬೇಕಾಗ್ತೈತೆ. ಅದಕ್ಕೇ ನೀನು ಅನ್ನೋಕೆ ಮೊದಲೇ ನಾನೇ ಓಬಣ್ಣನಿಗೆ ಹೇಳ್ದೆ.

ನನಗೆ ಚೆನ್ನಾಗಿ ಬರ್ತೈತೆ ಅನ್ನೋದು ಅದೊಂದೇ ಇತ್ತು ಅಣ್ಣ.

ಆಶಾ


ಮಾರಿಕಣಿವೆ
9 ಫೆಬ್ರವರಿ 2025

ಆಶಾ,

ಹನುಮೇಶನ ಕೈಯಲ್ಲಿ ಗಾಡಿಯನ್ನು ಹದಿನೈದನೆಯ ತಾರೀಖು ಚಿತ್ರದುರ್ಗದ ಮೂಡಲಗಿರಿಯಪ್ಪನವರ ಶೆಡ್ಡಿಗೆ ಕಳಿಸು. ಒಂದು ವಾರ ಬೇಕು. ಓಬಣ್ಣನಿಗೆ ಸದ್ಯ ಏನೂ ಹೇಳಬೇಡ. ಕಾರಣವನ್ನು ಆಮೇಲೆ ಬರೆಯುತ್ತೇನೆ.

ಅಣ್ಣ


ಮಾರಿಕಣಿವೆ
23 ಫೆಬ್ರವರಿ 2025

ಆಶಾಳಿಗೆ,

ಗಾಡಿಯನ್ನು ಹನುಮೇಶ್ ಇಂದು ಮರಳಿ ತರುತ್ತಾನೆ. ಅದರ ಜೊತೆ ಈ ಪತ್ರ.

ನಿನ್ನ ಪತ್ರದಲ್ಲಿ ಒಂದು ವಾಕ್ಯವನ್ನು ನಾನು ಬಹಳ ಸಲ ಓದಿದೆ: ಗೇರ್ ಕೇಳುತ್ತಿರುವುದು ಕೈಗೆ ಗೊತ್ತಾಗುತ್ತದೆ ಎಂಬುದು. ನಾಲ್ಕು ಸಿಲಿಂಡರಿನ ಎಂಜಿನ್ ಮೂರು ಸಾವಿರ ಸುತ್ತಿನಲ್ಲಿ ಸೆಕೆಂಡಿಗೆ ನೂರು ಸಲ ಬಡಿಯುತ್ತದೆ. ಐದು ಸಾವಿರದ ನಾನೂರರಲ್ಲಿ ನೂರೆಂಬತ್ತು ಸಲ. ಈ ಬಡಿತಗಳನ್ನು ಕಿವಿ ಮಾತ್ರವಲ್ಲ, ಚರ್ಮವೂ ಎಲುಬೂ ತಿಳಿಯಬಲ್ಲವು. ಡಿಸೆಂಬರ್‌ನಲ್ಲಿ ನಾನು ಡಬ್ಬಿ ಹಾಕಿಸಿ, ಅಷ್ಟು ಜಾಗ್ರತೆಯಿಂದ ಅಳಿಸಿಹಾಕಿದ್ದು ಇದನ್ನೇ. ನಿನಗೆ ಉಳಿದಿದ್ದ ಒಂದೇ ದಾರಿಯನ್ನು ನೆಮ್ಮದಿ ಎಂಬ ಹೆಸರಿನಲ್ಲಿ ಮುಚ್ಚಿದೆ.

ಆದ್ದರಿಂದ ರೆಸೊನೇಟರ್ ತೆಗೆಸಿ, ಆ ಜಾಗಕ್ಕೆ ನೇರ ಪೈಪು ಬೆಸುಗೆ ಹಾಕಿಸಿದೆ. ಹಿಂದಿನ ಮಫ್ಲರ್ ಹಾಗೆಯೇ ಇದೆ; ಹೊರಗಿನವರಿಗೆ ಸದ್ದು 97, ಓಟದವರ ಮಿತಿಯೊಳಗೆ. ಪೈಪನ್ನು ಗಾಡಿಯ ತಳಕ್ಕೆ ತೂಗುಹಾಕುವ ರಬ್ಬರುಗಳು ನಾಲ್ಕಿವೆ. ಅವುಗಳಲ್ಲಿ ಚಾಲಕರ ಸೀಟಿನ ಕೆಳಗಿನದನ್ನು ಮಾತ್ರ ತೆಗೆದು ಗಟ್ಟಿ ಬುಷ್ ಹಾಕಿಸಿದೆ. ಪೈಪಿನ ನಡುಕ ಅಲ್ಲಿಂದ ನೇರವಾಗಿ ನಿನ್ನ ಸೀಟಿಗೂ ಕಾಲಿಗೂ ಬರುತ್ತದೆ.

ಮೂಡಲಗಿರಿಯಪ್ಪನವರಿಗೆ ಇದು ಹಿಡಿಸಲಿಲ್ಲ. "ಏನ್ ಸಾರ್ ನೀವು, ಊರೋರೆಲ್ಲ ಗಾಡಿ ನಡುಗ್ತೈತೆ ಅಂತ ಅಳ್ತಾ ಬರ್ತಾರೆ, ನೀವು ನಡುಗ್ತಿಲ್ಲ ಅಂತ ಬಂದೀರ. ನಾಳೆ ಯಾರಾದ್ರೂ ನೋಡಿ, ಮೂಡಲಗಿರಿಯಪ್ಪ ಕೆಲಸ ಕೆಡಿಸ್ದ ಅಂದ್ರೆ?" ಎಂದರು. ನನ್ನ ತಂಗಿಗೆ ಎಂದೆ. ಏಕೆಂದೂ ಹೇಳಿದೆ. ಇದನ್ನು ಬೇರೊಬ್ಬರಿಗೆ ಹೇಳುವ ಮುನ್ನ ನಿನ್ನನ್ನು ಕೇಳಬೇಕಿತ್ತು, ಕ್ಷಮಿಸು. ಅವರು "ಮೊದಲೇ ಹೇಳಬಾರ್ದಾ, ಬುಷ್ ಇಲ್ಲಲ್ಲ, ನಾಲ್ಕು ಬೆರಳು ಮುಂದಕ್ಕೆ ಕೂರಬೇಕು" ಎಂದು ತಾವೇ ಗಾಡಿಯ ಕೆಳಗೆ ಮಲಗಿದರು. ಅವರು ಹೇಳಿದ ಜಾಗವೇ ಸರಿ. ನನ್ನ ಲೆಕ್ಕದಲ್ಲಿ ಅಷ್ಟು ತಪ್ಪಿತ್ತು.

ಪರೀಕ್ಷೆ ಹೀಗೆ ಮಾಡಿದೆ. ಶೆಡ್ಡಿನ ಹಿಂದೆ ಇನ್ನೂ ಮನೆಗಳೇಳದ ಬಡಾವಣೆಯ ಖಾಲಿ ರಸ್ತೆ ಇದೆ. ಕಿವಿಗೆ ಹತ್ತಿ ತುಂಬಿ, ಮೇಲೆ ಪಂಪ್‌ಹೌಸಿನ ಕಿವಿಮುಚ್ಚಳ ಹಾಕಿಕೊಂಡೆ. ಸುತ್ತು ತೋರಿಸುವ ಮೀಟರಿಗೆ ಕಾಗದ ಅಂಟಿಸಿದೆ. ಹನುಮೇಶ್ ಪಕ್ಕದಲ್ಲಿ ಕುಳಿತು ಇನ್ನೊಂದು ಮೀಟರಿನಲ್ಲಿ ನೋಡಿ ಬರೆದುಕೊಂಡ. ಡಬ್ಬಿ ಇದ್ದ ಪೈಪಿನಲ್ಲಿ ಇಪ್ಪತ್ತು ಸಲ ಗೇರು ಬದಲಿಸಿದರೆ ನಾಲ್ಕು ಸಲ ಮಾತ್ರ ಸರಿಯಾಗಿತ್ತು. ಈಗಿನದರಲ್ಲಿ ಹದಿನೇಳು. ನಾನು ಚಾಲನೆಯಲ್ಲಿ ಸಾಧಾರಣ. ನಿನಗೆ ಇಪ್ಪತ್ತಕ್ಕೆ ಇಪ್ಪತ್ತು ಬರುತ್ತದೆ.

ಪರೀಕ್ಷೆಯ ನಡುವೆ ಟೀ ಕುಡಿಯಲು ನಿಂತೆವು. ಮುಚ್ಚಳ ತೆಗೆಯಲು ಮರೆತಿದ್ದೆ. ಮೂಡಲಗಿರಿಯಪ್ಪನವರು ಏನೋ ಹೇಳಿದರು, ಹನುಮೇಶ್ ನಕ್ಕ, ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ನಾನೂ ನಕ್ಕೆ. ಏಕೆಂದು ಇಂದಿಗೂ ತಿಳಿಯದು. ನೀನು ಎರಡು ವರ್ಷ ಹೀಗೆ ನಕ್ಕಿದ್ದೀಯೆ. ಹಬ್ಬದಲ್ಲಿ ನಮ್ಮ ಮನೆಯಲ್ಲಿ, ನನ್ನ ಎದುರಿಗೆ ಕುಳಿತು. ಅಳತೆ ತೆಗೆಯುವುದೇ ವೃತ್ತಿಯಾದ ನನಗೆ ಅದು ಕಾಣಲಿಲ್ಲ.

ಕೆಲವು ಎಚ್ಚರಿಕೆಗಳು. ಗಟ್ಟಿ ಬುಷ್‌ನಿಂದಾಗಿ ಪೈಪಿನ ಬೆಸುಗೆಗೆ ಆಯಾಸ ಹೆಚ್ಚು. ಸಾವಿರ ಕಿಲೋಮೀಟರಿಗೊಮ್ಮೆ ಹನುಮೇಶ್ ಬಿರುಕು ನೋಡಬೇಕು. ಊರಿನೊಳಗೆ ಕನ್ನಡಿ ನೋಡುವುದು ಇಮ್ಮಡಿಯಾಗಲಿ, ಹಾರ್ನ್ ನಿನಗೆ ಕೇಳಿಸುವುದಿಲ್ಲ. ಮತ್ತೋಡಿನ ಓಟ ನಡೆಸುವ ಕರಿಸಿದ್ದಪ್ಪನವರಿಗೆ ನಿನ್ನ ಕಿವಿಯ ವಿಚಾರವನ್ನು ನೀನೇ ಹೇಳು, ಹೇಳದೆ ಓಡಿಸಕೂಡದು. ಅಲ್ಲಿ ಅಪಾಯಕ್ಕೆ ಸೀಟಿ ಊದುತ್ತಾರೆ. ನಿನ್ನ ಸರದಿಯಲ್ಲಿ ಕೆಂಪು ಬಾವುಟ ಬೀಸಲಿ, ದೀಪ ಹಾಕಲಿ.

ಓಬಣ್ಣನಿಗೆ ಏನು ಹೇಳಬೇಕೆಂಬುದು ನಿನಗೆ ಬಿಟ್ಟದ್ದು. ನನ್ನ ಮಾತಿಗೆ ಅಂಜಿ ಮಾರುವುದಾದರೆ, ಆ ಮಾತು ಏನೆಂದು ಮೊದಲು ತಿಳಿದುಕೋ. ಅದನ್ನು ಕೆಳಗೆ ಬರೆದಿದ್ದೇನೆ. ಅದಕ್ಕೆ ಲೆಕ್ಕ ಜೋಡಿಸಿಲ್ಲ.

ನಿನ್ನ ಅಣ್ಣ,
ಪ್ರಸನ್ನಕುಮಾರ್

ತೀರ್ಮಾನ: ರೆಸೊನೇಟರ್ ಇಲ್ಲದ ಪೈಪನ್ನು, ಮಫ್ಲರ್ ಉಳಿಸಿಕೊಂಡು, ಆರಿಸಿದ್ದೇನೆ. ನೀನು ಗಾಡಿ ಓಡಿಸುವುದು ಬೇಡ ಎಂದು ನಾನು ಹೇಳುವುದಿಲ್ಲ.